ಮೊಲದ ಮೌನ, ಮುಧೋಳದ ನಾಯಿ

"ನಾ ಹಿಡಿದ ಮೊಲಕ್ಕೆ ಮೂರೇ ಕಾಲು" ಅನ್ನೋ ಗಾದೆ ಯಾರಿಗೆ ಗೊತ್ತಿಲ್ಲ ಹೇಳಿ. ನಮ್ಮ ಟೀಮ್ ಮೀಟಿಂಗುಗಳಲ್ಲಿ ವಾರಕ್ಕೊಮ್ಮೆಯಾದರೂ ನನಗೆ ಅದು ನೆನಪಾಗುತ್ತದೆ :-) ಗಾದೆ ಇರೋದು ಹಟಮಾರಿಗಳ ಬಗ್ಗೆ, ಸರಿ. ಆದರೆ ಅದರಲ್ಲಿ ಮೊಲ ಎಲ್ಲಿದೆ ಅಂತ ಸ್ವಲ್ಪ ಗಮನಿಸಿ. ಹಿಡಿದವನ ಕೈಯಲ್ಲಿ! ಕನ್ನಡದಲ್ಲಿ ಮೊಲದ ಗತಿ ಹೆಚ್ಚುಕಡಿಮೆ ಎಲ್ಲ ಕಡೆ ಹೀಗೇ. ಜಗತ್ತಿನಲ್ಲೇ ಇಲ್ಲದ ವಸ್ತುವಿಗೆ ಮೊಲದ ಕೊಂಬು ಅಂತೀವಿ. ಚಂದ್ರನ ಮೈಮೇಲಿನ ಕಲೆಯನ್ನು ಮೊಲ ಅಂದುಕೊಂಡು ಅವನಿಗೆ ಶಶಿ, ಶಶಾಂಕ ಅಂತ ಹೆಸರಿಟ್ಟಿದ್ದೀವಿ. ಪಂಚತಂತ್ರದಲ್ಲಂತೂ ಅದು ಸಿಂಹವನ್ನೇ ಬಾವಿಗೆ ಕೆಡವುವ ಜಾಣ. ಬೇಟೆಯಲ್ಲಿದೆ, ಆಕಾಶದಲ್ಲಿದೆ, ಕತೆಯಲ್ಲಿದೆ. ಹೆಸರಿಟ್ಟು, ಮನೆಯೊಳಗೆ ಓಡಾಡಿಸಿ, ಮಡಿಲಲ್ಲಿ ಕೂರಿಸಿಕೊಂಡ ಮೊಲ ಮಾತ್ರ ನಾನು ಓದಿದ ಹಳೆಯ ಕನ್ನಡದಲ್ಲಿ ಬರುವುದಿಲ್ಲ.

ಇದೆಲ್ಲ ತಲೆಗೆ ಬಂದದ್ದು ಇಳಕಲ್‌ನಲ್ಲಿರುವ ನಮ್ಮ ಮನೆಯ ಮೊಲದಿಂದ. ತಂಗಿ ಬಾಗಲಕೋಟೆಯ ನವನಗರದಿಂದ ತಂದದ್ದು. ಬಿಳಿ ಮೈ, ಕೆಂಪು ಕಣ್ಣು. ಮನೆಗೆ ಬಂದವರೆಲ್ಲ ಅದನ್ನು ನೋಡಿ ಹೇಳೋ ಮಾತು ಒಂದೇ. "ಎಷ್ಟ್ ಸುಮ್ನ ಕುಂತೈತಿ ನೋಡ್ರಿ, ಭಾಳ ಸಾಧು ಪ್ರಾಣಿ." ಆ 'ಸಾಧು' ಅನ್ನೋ ಪದದ ಮೇಲೆಯೇ ನನ್ನ ತಕರಾರು. ಸುಮ್ಮನೆ ಕೂತ ಮೊಲ ಸಾಧುವಾಗಿರಬಹುದು, ಹೆದರಿ ಕಲ್ಲಾಗಿರಬಹುದು, ಹೊಟ್ಟೆನೋವಿನಿಂದ ಸಾಯುತ್ತಲೂ ಇರಬಹುದು. ನಮಗೆ ಮೂರೂ ಒಂದೇ ಥರ ಕಾಣುತ್ತವೆ. ಯಾಕೆಂದರೆ ನಾವು ಪ್ರಾಣಿಗಳ ಮೈಮಾತು ಕಲಿತದ್ದು ನಾಯಿಯಿಂದ. ಬಾಲ ಅಲ್ಲಾಡಿಸಿದರೆ ಖುಷಿ, ಗುರ್ ಅಂದರೆ ಸಿಟ್ಟು, ಕುಂಯ್ ಅಂದರೆ ನೋವು. ಈ ವ್ಯಾಕರಣ ಹಿಡಿದುಕೊಂಡು ಮೊಲವನ್ನು ಓದಲು ಹೋದರೆ ಪಾಸಾಗೋದು ಕಷ್ಟ. ನಮ್ಮ ಸೀಮೆಯಲ್ಲಂತೂ ಮೊಲದ ಇತಿಹಾಸವನ್ನು ನಾಯಿ ಬಿಟ್ಟು ಹೇಳಲಿಕ್ಕೇ ಆಗುವುದಿಲ್ಲ. ಹಾಗಾಗಿ ಮೊದಲು ನಾಯಿ.

ಮುಧೋಳ ಈಗ ಬಾಗಲಕೋಟೆ ಜಿಲ್ಲೆ, 1997ಕ್ಕೆ ಮುಂಚೆ ಬಿಜಾಪುರ ಜಿಲ್ಲೆ, ಸ್ವಾತಂತ್ರ್ಯಕ್ಕೆ ಮುಂಚೆ ಘೋರ್ಪಡೆ ಮನೆತನದ ಒಂದು ಪುಟ್ಟ ಸಂಸ್ಥಾನ. (ಘೋರ್ಪಡೆ ಅನ್ನೋ ಹೆಸರೇ ಉಡದಿಂದ ಬಂದದ್ದಂತೆ. ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಪೂರ್ವಜರ ಐತಿಹ್ಯ ಆ ವಂಶದಲ್ಲಿದೆ. ಪ್ರಾಣಿಗಳ ಋಣ ದೊಡ್ಡದು ನೋಡಿ.) ಈ ಮನೆತನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಸುತ್ತಲಿನ ಹಳ್ಳಿಗಳ ಬೇಟೆನಾಯಿಗಳನ್ನು ಸಾಕಿ ತಳಿ ಬೆಳೆಸಿದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಉಡುಗೊರೆ ಕೊಟ್ಟರು. 'ಮುಧೋಳ ಹೌಂಡ್' ಅನ್ನೋ ಹೆಸರು ಅಲ್ಲಿಂದ ಗಟ್ಟಿಯಾಯಿತು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚೀಟಿ ತಂದಿತು. ಆಮೇಲೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನಾ ಕೇಂದ್ರ ಬಂತು. 2016ರಲ್ಲಿ ಇಲ್ಲಿಯ ಮರಿಗಳು ಮೀರತ್‌ಗೆ, ಸೈನ್ಯದ ತರಬೇತಿಗೆ ಹೋದವು. ನಮಗೆಲ್ಲ ಹೆಮ್ಮೆಯೋ ಹೆಮ್ಮೆ.

ಆದರೆ ಈ ನಾಯಿಯ ಮೈ ಯಾಕೆ ಹಾಗಿದೆ? ಉದ್ದ ತಲೆ, ಆಳವಾದ ಎದೆ, ಒಳಗೆ ಸೆಳೆದುಕೊಂಡ ಹೊಟ್ಟೆ, ಗಳದಂಥ ಕಾಲು. ಇದು ವಾಸನೆ ಹಿಡಿದು ಹೋಗುವ ನಾಯಿಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಅಲ್ಲಾಡಿದರೆ ಸಾಕು, ಬಾಣದ ಹಾಗೆ ಹೋಗುತ್ತದೆ. ಮರ ಕಮ್ಮಿ ಇರುವ ನಮ್ಮ ಎರೆಹೊಲಗಳಲ್ಲಿ, ಜೋಳ ಕೊಯ್ದ ಮೇಲಿನ ಬಯಲಿನಲ್ಲಿ ಅಲ್ಲಾಡುವ ಆ ಏನಾದರೂ ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ. ಎದುರಿಗೆ ಮೊಲದ ಮೈ ನೋಡಿ. ಮಣ್ಣಿನ ಬಣ್ಣ, ಬೆನ್ನಿಗೆ ಅಂಟಿಸಿಡಬಲ್ಲ ಕಿವಿ, ತಲೆಯ ಎರಡು ಪಕ್ಕದಲ್ಲಿ ಕಣ್ಣು. ಹೆಚ್ಚುಕಡಿಮೆ ಪೂರ್ತಿ ಸುತ್ತ ಕಾಣುತ್ತದೆ, ಮೂಗಿನ ತುದಿಯ ಮುಂದಿನ ಸ್ವಲ್ಪ ಜಾಗ ಬಿಟ್ಟು. ಅಲ್ಲಾಡಿದ್ದನ್ನು ಹಿಡಿಯುವ ಕಣ್ಣು ಒಂದಕ್ಕೆ, ಅಲ್ಲಾಡದೆ ಕೂರುವ ಮೈ ಇನ್ನೊಂದಕ್ಕೆ. ನಾಯಿಯನ್ನು ಮನುಷ್ಯ ಬೇಟೆಗೆಂದೇ ಆರಿಸಿ ಆರಿಸಿ ಬೆಳೆಸಿದ. ಮೊಲದ ಸುಮ್ಮನಿರುವಿಕೆ ಅದಕ್ಕಿಂತ ಎಷ್ಟೋ ಹಳೆಯದು.

ನಾಯಿಗೂ ಮನುಷ್ಯನಿಗೂ ಇದ್ದ ನಂಟನ್ನು ನಮ್ಮವರು ಕಲ್ಲಿನಲ್ಲೂ ಬರೆದಿಟ್ಟಿದ್ದಾರೆ. ಬಾದಾಮಿ ಚಾಲುಕ್ಯರನ್ನು ಬದಿಗೊತ್ತಿ ನಮ್ಮ ಸೀಮೆಯನ್ನೂ ಆಳಿದವರು ರಾಷ್ಟ್ರಕೂಟರು. ಅವರಲ್ಲಿ ಮೂರನೇ ಕೃಷ್ಣನ ಕಾಲದ ಒಂದು ವೀರಗಲ್ಲು ದೂರದ ಮಂಡ್ಯ ಸೀಮೆಯ ಆತಕೂರಿನಲ್ಲಿ ಸಿಕ್ಕಿದೆ. ಶಕವರ್ಷ 872, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತದ್ದು, ಗಂಗರ ಬೂತುಗ ಗೆದ್ದದ್ದು ಎಲ್ಲ ಅದರಲ್ಲಿದೆ. ಇತಿಹಾಸದ ವಿದ್ಯಾರ್ಥಿಗಳು ಅದಕ್ಕಾಗಿ ಅದನ್ನು ಓದುತ್ತಾರೆ. ನಾನು ಓದೋದು ಇನ್ನೊಂದು ವಿಷಯಕ್ಕೆ. ಆ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೇರ ಅನ್ನುವವನಿಗೆ ಒಡೆಯ ಮೆಚ್ಚಿ ಬೇಕಾದ್ದು ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನುವ ಒಂದು ನಾಯಿಯನ್ನು! ಆಮೇಲೆ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಗೊರವ ಊಟ ಮಾಡಿದರೆ ಆ ನಾಯಿಯ ಪಾಪ ತಟ್ಟುತ್ತದೆ ಅಂತಲೂ ಬರೆಸಿದರು. ಸಾವಿರ ವರ್ಷದ ಹಿಂದೆ, ಒಂದು ನಾಯಿಗೋಸ್ಕರ.

ಇನ್ನೂ ಒಂದಿದೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ' ಅನ್ನುವ ದೊಡ್ಡ ಸಂಸ್ಕೃತ ಗ್ರಂಥದಲ್ಲಿ ಅಡುಗೆಯಿಂದ ಹಿಡಿದು ಆನೆಯವರೆಗೆ ಎಲ್ಲವೂ ಇದೆ. ಅದರಲ್ಲಿ ನಾಯಿಗಳಿಗೇ ಒಂದು ಪ್ರತ್ಯೇಕ ಭಾಗ. ನಾಯಿಗೆ ರಾಜನ ಗ್ರಂಥ, ನಾಯಿಗೆ ಶಾಸನ, ನಾಯಿಗೆ ಅಂಚೆಚೀಟಿ. ಮೊಲಕ್ಕೆ?

ಮೊಲವನ್ನು ಹತ್ತಿರದಿಂದ ಬಲ್ಲವರು ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಬೇಟೆಗಾರರು ಬಲ್ಲವರಾಗಿದ್ದರು. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರ ಹೆಸರು ಕೇಳಿರ್ತೀರಿ. 1857ರಲ್ಲಿ ಬ್ರಿಟಿಷರು ಎಲ್ಲರೂ ಆಯುಧ ಒಪ್ಪಿಸಬೇಕು ಅಂತ ಕಾನೂನು ತಂದಾಗ ಈ ಬೇಡರು ಒಪ್ಪಲಿಲ್ಲ. ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು, ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಅವರ ಮೇಲಿನ ಲಾವಣಿಯನ್ನು ಬರೆದಿಟ್ಟುಕೊಂಡವನು ಫ್ಲೀಟ್ ಸಾಹೇಬ. ಆತಕೂರಿನ ಶಾಸನವನ್ನು ಓದಿ ಪ್ರಕಟಿಸಿದ್ದೂ ಅವನೇ ಅನ್ನೋದು ನನಗೆ ತಮಾಷೆ ಅನ್ನಿಸುತ್ತದೆ. ಶಾಲೆಯ ಪಾಠದಲ್ಲಿ ಹಲಗಲಿಯನ್ನು ಸ್ವಾತಂತ್ರ್ಯ ಹೋರಾಟ ಅಂತಷ್ಟೇ ಓದುತ್ತೇವೆ. ಬೇಡನ ಕೈಯಲ್ಲಿನ ಆಯುಧ ಯುದ್ಧದ್ದು ಮಾತ್ರ ಅಲ್ಲ, ಹೊಟ್ಟೆಪಾಡಿನದೂ ಹೌದು ಅನ್ನೋದನ್ನು ಮರೆಯುತ್ತೇವೆ. ಅಂಥವರಿಗೆ ಮೊಲದ ಕಿವಿ ಯಾವ ಕಡೆ ತಿರುಗಿತು ಅನ್ನೋದು ಆ ದಿನದ ಊಟದ ಪ್ರಶ್ನೆ.

ಹುನಗುಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬ ಹಿರಿಯರಿದ್ದಾರೆ, ಹುಡುಗರಾಗಿದ್ದಾಗ ದೊಡ್ಡವರ ಜೊತೆ ನಾಯಿ ಹಿಡಿದುಕೊಂಡು ಹೊಲ ಸುತ್ತಿದವರು. "ಅಜ್ಜಾರ, ಮೊಲಾ ಹೆಂಗ್ ಹಿಡೀತಿದ್ರಿ?" ಅಂತ ಕೇಳಿದೆ. "ತಮ್ಮಾ, ಓಡೂ ಮೊಲಾ ನೋಡಾಂವ ಬ್ಯಾಟಿಗಾರ ಅಲ್ಲ, ಅದನ್ನ ನಾಯಿ ನೋಡ್ತೈತಿ. ಕುಂತ ಮೊಲಾ ಕಾಣಬೇಕು ನೋಡು, ಅಂವಾ ಬ್ಯಾಟಿಗಾರ. ಕಿವಿ ಬೆನ್ನಿಗಿ ಹಚ್ಚಿ ಕಲ್ಲಿನಂಗ ಕುಂತಿರತೈತಿ. ಕಾಲಾಗ ಬರೂತನಾ ಏಳಂಗಿಲ್ಲ." ಮೊಲದ ಮೈಮಾತಿನ ಬಗ್ಗೆ ನಾನು ಇಂಟರ್ನೆಟ್ಟಿನಲ್ಲಿ ರಾತ್ರಿಯೆಲ್ಲ ಕೂತು ಓದಿದ್ದರ ಅರ್ಧ ಭಾಗವನ್ನು ಅಜ್ಜ ಮೂರು ಸಾಲಿನಲ್ಲಿ ಹೇಳಿ ಮುಗಿಸಿದರು. (ಅವರ ಕಾಲದ ಮಾತು ಅದು. 1972ರ ವನ್ಯಜೀವಿ ಕಾಯ್ದೆ ಮತ್ತು 1991ರ ಅದರ ತಿದ್ದುಪಡಿ ಆದ ಮೇಲೆ ಕಾಡುಮೊಲದ ಬೇಟೆ ಅಪರಾಧ. ಹಿಡಿದು ತಂದು ಸಾಕುವುದೂ ಅಪರಾಧವೇ.)

ಇಳಕಲ್‌ನಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಹೊಸಪೇಟೆ, ಅಲ್ಲಿಂದ ಹಂಪಿ. ಅಲ್ಲಿಯ ಕತೆ ಎಲ್ಲರಿಗೂ ಗೊತ್ತು. ಬೇಟೆಗೆ ಹೋದಾಗ ಮೊಲವೊಂದು ತಿರುಗಿ ನಾಯಿಗಳ ಮೇಲೇ ಬಿತ್ತು, ಇದು ಗಂಡುಭೂಮಿ ಅಂತ ತಿಳಿದು ಅಲ್ಲೇ ರಾಜಧಾನಿ ಕಟ್ಟಿದರು. 16ನೇ ಶತಮಾನದಲ್ಲಿ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಕೂಡ ಇದನ್ನು ಬರೆದುಕೊಂಡಿದ್ದಾನೆ. ಇದೇ ಕತೆ ಬೆಂಗಳೂರಿನ ಕೆಂಪೇಗೌಡನ ಬಗ್ಗೆಯೂ ಇದೆ, ಗುಜರಾತಿನ ಅಹಮದಾಬಾದಿನ ಬಗ್ಗೆಯೂ ಇದೆ. ಬರೀ ಕಟ್ಟುಕತೆ ಅಂತ ನಗೋದು ಸುಲಭ. ಆದರೆ ಮೊಲಗಳು ಹಿಂಗಾಲಿನ ಮೇಲೆ ನಿಂತು ಮುಂಗಾಲಿನಿಂದ ಬಾಕ್ಸಿಂಗ್ ಆಡಿದ ಹಾಗೆ ಹೊಡೆಯುವುದನ್ನು ಎಷ್ಟೋ ಜನ ಕಣ್ಣಾರೆ ಕಂಡಿದ್ದಾರೆ. ಬೇಡದ ಗಂಡನ್ನು ಹೆಣ್ಣು ಹೀಗೆ ಹೊಡೆದು ಓಡಿಸುತ್ತದೆ. ಓಡಲು ದಾರಿ ಇಲ್ಲದಾಗ ಮೊಲ ತಿರುಗಿ ಬೀಳುತ್ತದೆ ಅನ್ನೋದನ್ನು ಕಂಡವನೇ ಯಾರೋ ಮೊದಲು ಈ ಕತೆ ಹೇಳಿರಬೇಕು ಅಂತ ನನ್ನ ಗುಮಾನಿ. ಕತೆಯಲ್ಲಿ ಮಣ್ಣಿಗೆ ಸಿಕ್ಕ ಹೊಗಳಿಕೆ ಮೊಲಕ್ಕೆ ಸಿಗಲಿಲ್ಲ, ಅಷ್ಟೇ. ಚಿತ್ರದುರ್ಗದ ಕಡೆ ಕೆಲವು ಹಳ್ಳಿಗಳ ಸಂಕ್ರಾಂತಿ ಆಚರಣೆಯಲ್ಲಿ ಅದಕ್ಕೆ ಒಂಚೂರು ಮರ್ಯಾದೆ ಇದೆ. ಜೀವಂತ ಮೊಲ ಹಿಡಿದು ತಂದು, ಕಿವಿಗೆ ಓಲೆ ಹಾಕಿ, ದೇವರ ಮುಂದೆ ಪೂಜೆ ಮಾಡಿ ಬಿಟ್ಟುಬಿಡುತ್ತಾರೆ. ಬಿಟ್ಟ ಕೂಡಲೇ ಅದು ಓಟ ಕೀಳುತ್ತದೆ. ಪಾಪ, ಪೂಜೆ ಅಂತ ಅದಕ್ಕೇನು ಗೊತ್ತು.

ಈಗ ಮುಖ್ಯ ವಿಷಯ. ಇಷ್ಟು ಹೊತ್ತು ನಾನು ಹೇಳಿದ ಮೊಲ ಬೇರೆ, ನಮ್ಮ ಮನೆಯಲ್ಲಿರುವ ಮೊಲ ಬೇರೆ! ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರೋದರಿಂದ ಈ ಗೊಂದಲ. ನಮ್ಮ ಹೊಲದ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈ ಹಿಡಿಯುವಷ್ಟು ಗುಳಿ ಮಾಡಿಕೊಂಡು ಒಂಟಿಯಾಗಿ ಕೂರುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತದೆ. ಮನೆಯಲ್ಲಿ ಸಾಕುವ ಮೊಲದ ಮೂಲ ಸ್ಪೇನ್, ಪೋರ್ಚುಗಲ್ ಇರುವ ಐಬೀರಿಯಾ. ಅದು ನೆಲದೊಳಗೆ ಬಿಲದ ಊರು ಕಟ್ಟಿಕೊಂಡು ಗುಂಪಿನಲ್ಲಿ ಬದುಕುವ ಪ್ರಾಣಿ. ಮರಿಗಳು ಬತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಬಿಲದಲ್ಲಿ ಹುಟ್ಟುತ್ತವೆ. ಸಂಬಂಧದಲ್ಲಿ ದೂರದ ದಾಯಾದಿಗಳು, ಒಂದಕ್ಕೊಂದು ಕೂಡಿ ಮರಿಯೂ ಆಗುವುದಿಲ್ಲ. ಒಂಟಿಯಾಗಿ ಬದುಕುವ ಪ್ರಾಣಿಗೆ ಇನ್ನೊಬ್ಬರಿಗೆ ಹೇಳುವ ಮಾತು ಕಮ್ಮಿ. ಗುಂಪಿನಲ್ಲಿರುವುದಕ್ಕೆ ಹೇಳಬೇಕಾದ್ದು ಬಹಳ ಇರುತ್ತದೆ. ನಮ್ಮ ಹಿಂದಿನವರು ಮೊಲ ಸಾಕಲಿಲ್ಲ ಅಂದರೆ ಅವರು ಕಟುಕರಾಗಿದ್ದರು ಅಂತಲ್ಲ. ಅವರ ಪಾಲಿಗೆ ಬಂದ ಮೊಲ ನಂಟು ಬೆಳೆಸುವ ಜಾತಿಯದಲ್ಲ.

ಯುರೋಪಿನಲ್ಲಿ ಈ ಬಿಲದ ಮೊಲವನ್ನು ರೋಮನ್ನರ ಕಾಲದಿಂದ ಆವರಣಗಳಲ್ಲಿ ಸಾಕುತ್ತಿದ್ದರು. ತಿನ್ನಲಿಕ್ಕೆ, ಚರ್ಮಕ್ಕೆ. ಕ್ರಿ.ಶ. 600ರಲ್ಲಿ ಫ್ರಾನ್ಸಿನ ಸನ್ಯಾಸಿಗಳು ಅದನ್ನು ಪಳಗಿಸಿದರು ಅಂತ ಎಲ್ಲ ಪುಸ್ತಕಗಳಲ್ಲೂ ಇತ್ತು. 2018ರಲ್ಲಿ ಸಂಶೋಧಕರು ಆ ಕತೆಯ ಬೆನ್ನು ಹತ್ತಿ ಹೋಗಿ ನೋಡಿದರೆ ಅದಕ್ಕೆ ಆಧಾರವೇ ಇರಲಿಲ್ಲ. ಒಂದೇ ದಿನ ಒಬ್ಬರೇ ಪಳಗಿಸಿದ್ದಲ್ಲ, ನಿಧಾನವಾಗಿ ಆದದ್ದು. ಆಮೇಲೆ ಅದು ಪ್ರಯೋಗಾಲಯಕ್ಕೂ ಹೋಯಿತು. 1885ರಲ್ಲಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಹುಡುಗನಿಗೆ ಕೊಟ್ಟ ಮೊದಲ ಲಸಿಕೆ ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ್ದು. ನಾಯಿ ಕಚ್ಚಿದ್ದಕ್ಕೂ ಮೊಲವೇ ಸಾಯಬೇಕಾಯಿತು ನೋಡಿ! ನಮ್ಮ ದೇಶದಲ್ಲಿ ಕೊಡೈಕೆನಾಲ್ ಹತ್ತಿರದ ಮನ್ನವನೂರಿನಂಥ ಸರ್ಕಾರಿ ಕೇಂದ್ರಗಳು ಮಾಂಸಕ್ಕೆ, ಉಣ್ಣೆಗೆ ಸಾಕುತ್ತಿರುವುದೂ ಇದೇ ಜಾತಿಯನ್ನು. ಮುದ್ದಿಗೋಸ್ಕರ ಮನೆಗೆ ತರೋದು ನಮ್ಮ ಊರುಗಳಲ್ಲಿ ತೀರಾ ಈಚಿನ ಮಾತು.

ಹಾಗಾದರೆ ಹೊಲದ ಮೊಲ ಎಂದೂ ಮನುಷ್ಯನನ್ನು ಹಚ್ಚಿಕೊಳ್ಳುವುದಿಲ್ಲವೇ? ಇದಕ್ಕೆ ಚಂದದ ದಾಖಲೆ ಇಂಗ್ಲೆಂಡಿನಲ್ಲಿದೆ. ವಿಲಿಯಂ ಕೂಪರ್ ಅನ್ನುವ ಕವಿ ಮನಸ್ಸಿನ ಕಾಯಿಲೆಯಿಂದ ಬಳಲುತ್ತಿದ್ದಾಗ, 1774ರಲ್ಲಿ, ಮೂರು ಹೊಲದ ಮೊಲದ ಮರಿಗಳನ್ನು ಸಾಕಿಕೊಂಡ. ಪುಸ್, ಟೈನಿ, ಬೆಸ್. ಹತ್ತು ವರ್ಷ ಆದ ಮೇಲೆ, 1784ರಲ್ಲಿ, ಒಂದು ಪತ್ರಿಕೆಗೆ ಅವುಗಳ ಬಗ್ಗೆ ಬರೆದ. ಮೂರಕ್ಕೆ ಮೂರು ಸ್ವಭಾವ. ಬೆಸ್ ಮೊದಲಿನಿಂದಲೂ ಧೈರ್ಯದ್ದು, ಬೇಗ ಸತ್ತಿತು. ಟೈನಿ ಕೊನೆಯವರೆಗೂ ಮುಟ್ಟಗೊಡಲಿಲ್ಲ. ಮುಟ್ಟಲು ಹೋದರೆ ಗುರುಗುಟ್ಟಿ ಮುಂಗಾಲಿನಿಂದ ಹೊಡೆದು ಕಚ್ಚುತ್ತಿತ್ತು. ಪುಸ್ ಒಮ್ಮೆ ಕಾಯಿಲೆ ಬಿತ್ತು. ಕೂಪರ್ ಅದನ್ನು ಬೇರೆ ಇಟ್ಟು ಆರೈಕೆ ಮಾಡಿದ. ಗುಣವಾದ ಮೇಲೆ ಅದು ಅವನ ಕೈಯನ್ನು ಮೊದಲು ಹಿಂದೆ, ಆಮೇಲೆ ಅಂಗೈ, ಆಮೇಲೆ ಒಂದೊಂದು ಬೆರಳು, ಬೆರಳಿನ ಸಂದಿ ಅಂತ ಬಿಡದೆ ನೆಕ್ಕಿತಂತೆ. ತೋಟಕ್ಕೆ ಹೋಗಬೇಕು ಅನ್ನಿಸಿದಾಗ ಅವನ ಮೊಣಕಾಲಿನ ಮೇಲೆ ಕಾಲಿನಿಂದ ಬಡಿಯುತ್ತಿತ್ತು. ಅವನು ಏಳದಿದ್ದರೆ ಕೋಟಿನ ಅಂಚು ಕಚ್ಚಿ ಎಳೆಯುತ್ತಿತ್ತು. ಹಿಡಿಯುವ ಉದ್ದೇಶ ಇಲ್ಲದೆ ಒಬ್ಬ ಮನುಷ್ಯ ಮೊಲದ ಮೈಮಾತನ್ನು ಇಷ್ಟು ತಾಳ್ಮೆಯಿಂದ ಬರೆದದ್ದು ನಾನು ಓದಿದ್ದರಲ್ಲಿ ಇದೇ ಹಳೆಯದು. ಪುಸ್ ಸತ್ತದ್ದು 1786ರ ಮಾರ್ಚ್‌ನಲ್ಲಿ, ಹೆಚ್ಚುಕಡಿಮೆ 12 ವರ್ಷ ಬದುಕಿ. ಅದೇ ವರ್ಷ ಮೇ ತಿಂಗಳಲ್ಲಿ ಮರಾಠರೂ ನಿಜಾಮನ ಸೈನ್ಯವೂ ನಮ್ಮ ಬಾದಾಮಿ ಕೋಟೆಗೆ ಮುತ್ತಿಗೆ ಹಾಕಿ ಟಿಪ್ಪುವಿನ ಕಡೆಯವರಿಂದ ಕಸಿದುಕೊಂಡವು. ಇವೆರಡಕ್ಕೂ ಸಂಬಂಧ ಏನೂ ಇಲ್ಲ, ಇಸವಿ ನೋಡಿದಾಗ ಹೊಳೆಯಿತು, ಬರೆದೆ.

ಕೂಪರನ ಪುಸ್ ಮಾಡಿದ್ದನ್ನು ನಮ್ಮ ಬಿಳಿಯ ಮೊಲ ಅವ್ವನ ಹತ್ತಿರ ಮಾಡುತ್ತದೆ. ಅವ್ವ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತ ಕೂತಾಗ ಬಂದು ಮೂಗಿನಿಂದ ಮೊಣಕೈ ತಳ್ಳುತ್ತದೆ. ನೋಡದಿದ್ದರೆ ಸೆರಗು ಎಳೆಯುತ್ತದೆ (ಒಂದು ಇಳಕಲ್ ಸೀರೆಯ ತೋಪು ಸೆರಗು ಈಗಾಗಲೇ ತೂತಾಗಿದೆ). ಕಾಲು ಸುತ್ತ ಗಿರಕಿ ಹೊಡೆಯುತ್ತದೆ. ಗದ್ದವನ್ನು ಮೊರಕ್ಕೆ, ಕಂಬಕ್ಕೆ, ಅವ್ವನ ಕಾಲಿಗೆ ಉಜ್ಜುತ್ತದೆ. ಗದ್ದದ ಕೆಳಗೆ ವಾಸನೆಯ ಗ್ರಂಥಿ ಇದೆ, ಅದನ್ನು ಉಜ್ಜಿ 'ಇದು ನಂದು' ಅಂತ ಗುರುತು ಮಾಡೋದು ಬಿಲದ ಊರಿನ ಪದ್ಧತಿ. ಖುಷಿಯಾದಾಗ ಓಡುತ್ತ ಓಡುತ್ತ ಗಾಳಿಯಲ್ಲಿ ಹಾರಿ ಮೈ ತಿರುಚುತ್ತದೆ. ಪೂರ್ತಿ ನಂಬಿಕೆ ಇದ್ದಾಗ ಧೊಪ್ಪನೆ ಮಗ್ಗುಲಿಗೆ ಬಿದ್ದು ಕಾಲು ಚಾಚಿ ಮಲಗುತ್ತದೆ. ಮೊದಲ ಸಲ ನೋಡಿದವರು ಸತ್ತೇ ಹೋಯಿತು ಅಂತ ಗಾಬರಿಯಾಗುತ್ತಾರೆ. ರಾತ್ರಿ ಬೆಕ್ಕು ಬಂದರೆ ಹಿಂಗಾಲಿನಿಂದ ನೆಲಕ್ಕೆ ಬಡಿಯುತ್ತದೆ. ಬಿಲದೊಳಗಿನ ಬಂಧುಗಳಿಗೆ ಕೇಳಲಿ ಅಂತ ಅದರ ಹಿಂದಿನವರು ಹೊಡೆಯುತ್ತಿದ್ದ ಡಂಗುರ ಅದು. ನಮ್ಮ ಮನೆಯಲ್ಲಿ ಅದಕ್ಕೆ ಏಳುವುದು ಅವ್ವ ಒಬ್ಬಳೇ.

ಆದರೆ ಹೆದರಿಕೆ ಮತ್ತು ನೋವಿನ ಮಾತು ಇಷ್ಟು ಸಲೀಸಾಗಿ ಕೇಳಿಸುವುದಿಲ್ಲ. ಬೇಟೆಯ ಪ್ರಾಣಿಗೆ ನೋವು ತೋರಿಸಿಕೊಳ್ಳುವುದೇ ಅಪಾಯ. ಮುಧೋಳದ ನಾಯಿಯ ಕಣ್ಣು ಕುಂಟುವುದನ್ನು ಮೊದಲು ಹುಡುಕುತ್ತದೆ. ಅದಕ್ಕೇ ಮೈ ಮುದುಡಿ, ಕಣ್ಣು ಅರೆಮುಚ್ಚಿ ಮೂಲೆಯಲ್ಲಿ ಕೂರುವುದಷ್ಟೇ ಅದರ ಅಳು. ಹಲ್ಲು ಮೆಲ್ಲಗೆ ಕಟಕಟ ಅಂದರೆ ಸುಖ, ಜೋರಾಗಿ ಕರಕರ ಅಂದರೆ ನೋವು. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಹೊಟ್ಟೆಯ ಚಲನೆ ನಿಂತಿರಬಹುದು. ಒಂದೇ ದಿನದಲ್ಲಿ ಪ್ರಾಣ ಹೋಗುವ ವಿಷಯ, ಕೂಡಲೇ ಡಾಕ್ಟರ ಹತ್ತಿರ ಒಯ್ಯಬೇಕು. ಮೇಲಿನಿಂದ ಕೈ ಚಾಚಿದರೆ ಅದಕ್ಕೆ ಅದು ಕೈಯಲ್ಲ, ಗಿಡುಗ. ಇನ್ನು ಅಂಗಾತ ಮಲಗಿಸಿದಾಗ ಅಲ್ಲಾಡದೆ ಬಿದ್ದುಕೊಳ್ಳುತ್ತದಲ್ಲ, ಅದನ್ನು ನಿದ್ದೆ, ಸಮಾಧಿ ಅಂತೆಲ್ಲ ಹೇಳಿ ವೀಡಿಯೊ ಮಾಡುವವರಿದ್ದಾರೆ. ಬ್ರಿಟನ್ನಿನ ಸಂಶೋಧಕರು 2006ರಲ್ಲಿ ಇದನ್ನು ಪರೀಕ್ಷಿಸಿ, ಆ ಸ್ಥಿತಿ ನೆಮ್ಮದಿಯದಲ್ಲ, ಭಯದ್ದು ಅಂತ ತೋರಿಸಿದ್ದಾರೆ. ನಾಯಿಯ ಬಾಯಿಗೆ ಸಿಕ್ಕ ಮೇಲೆ ಸತ್ತಂತೆ ಬಿದ್ದಿರುವುದು ಕೊನೆಯ ಉಪಾಯ. ನಾವು ಅದನ್ನು ನೋಡಿ ಚಪ್ಪಾಳೆ ತಟ್ಟುತ್ತೇವೆ.

ನಮ್ಮ ಕಡೆಯವರಿಗೆ ಒಂದು ಮಾತು. ಇದು ತಂಪು ಬಿಲದ ಪ್ರಾಣಿ, ಮೈ ಬೆವರುವುದಿಲ್ಲ. ಬಿಸಿಯನ್ನು ಹೊರಹಾಕಲು ಇರೋದು ಮುಖ್ಯವಾಗಿ ಆ ಎರಡು ಕಿವಿ. ಇಳಕಲ್, ಹುನಗುಂದ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಅನ್ನೋದು ಮಾಮೂಲು. ಆಗ ತಗಡಿನ ಮಾಡಿನ ಕೆಳಗೆ ಪಂಜರದಲ್ಲಿ ಸುಮ್ಮನೆ ಕೂತ ಮೊಲ ಸಾಧು ಅಲ್ಲ. ಕಿವಿ ಮುಟ್ಟಿ ನೋಡಿ, ಸುಡುತ್ತಿರುತ್ತದೆ. ಅವ್ವ ಮಧ್ಯಾಹ್ನ ನೀರಿನ ಕೊಡದ ಪಕ್ಕ ಒದ್ದೆ ಗೋಣಿಚೀಲ ಹಾಸುತ್ತಾಳೆ, ಅದು ತಾನೇ ಹೋಗಿ ಅಲ್ಲಿ ಕಾಲು ಚಾಚುತ್ತದೆ.

ಅಂದಹಾಗೆ, ಕಾಳಿಯ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದೆ. ಮೇಲೆ ನಾಯಿ ಮತ್ತು ಹಂದಿ ಕಾದಾಡುವ ಕೆತ್ತನೆ ಇದೆ, ಸುತ್ತ ಹಳಗನ್ನಡದ ಸಾಲುಗಳು. ಬೆಂಗಳೂರಿನಲ್ಲಿರುವ ಬ್ಲಾಗಿಗರು ಯಾರಾದರೂ ಒಂದು ಶನಿವಾರ ನನ್ನ ಜೊತೆ ಬರುವುದಾದರೆ ಹೇಳಿ. ಬಾದಾಮಿಯ ಗುಡ್ಡದಲ್ಲಿ ಸಿಡಿಲಫಡಿ ಅಂತ ಆದಿಮಾನವರ ವರ್ಣಚಿತ್ರಗಳಿರುವ ಬಂಡೆ ಇದೆ, ದೀಪಾವಳಿ ರಜೆಗೆ ಊರಿಗೆ ಹೋದಾಗ ಅಲ್ಲಿಗೆ ಹೋಗಿಬರುವ ವಿಚಾರವೂ ಇದೆ.